ಪುಟ್ಟ ಉಪಗ್ರಹ ಪದೇ ಪದೇ ರೀಸೆಟ್ ಆಗುತ್ತಿದೆಯಾ? ಮೊದಲು ಗಡಿಯಾರ ನೋಡಿ

ಕ್ಯೂಬ್‌ಸ್ಯಾಟ್ ಎಂಬ ಪುಟ್ಟ ಉಪಗ್ರಹ ಕಟ್ಟುವ ಯಾವ ತಂಡದ ಲ್ಯಾಬಿಗೆ ಹೋದರೂ ಒಂದಲ್ಲ ಒಂದು ದಿನ ಈ ಮಾತು ಕಿವಿಗೆ ಬೀಳುತ್ತದೆ: "ಬೋರ್ಡ್ ಸುಮ್ನೆ ರೀಸೆಟ್ ಆಗ್ತಾ ಇದೆ ಸಾರ್, ಬ್ಯಾಟರಿ ಹೋಗಿರ್ಬೇಕು." ಬ್ಯಾಟರಿ ಬದಲಾಯಿಸುತ್ತಾರೆ. ಹೊಸದು ತುಂಬಿರುತ್ತದಲ್ಲ, ಸ್ವಲ್ಪ ದಿನ ಎಲ್ಲ ಸರಿ ಇರುತ್ತದೆ. ಆಮೇಲೆ ಮತ್ತೆ ಅದೇ ಕತೆ. ಬ್ಯಾಟರಿ ಪಾಪ, ಬಹಳ ಸಲ ಅದರ ತಪ್ಪೇ ಇರುವುದಿಲ್ಲ.

ಮಲ್ಟಿಮೀಟರ್ ಕೈಗೆತ್ತಿಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ರೀಸೆಟ್ ಆಗುವುದು ಯಾವಾಗ ಎಂದು ಬರೆದಿಡಿ. ಸ್ವಿಚ್ ಹಾಕಿದ ಮರುಕ್ಷಣವಾ? ರೇಡಿಯೋ ಪ್ರಸಾರ ಶುರುವಾದಾಗಲಾ? 95 ನಿಮಿಷಕ್ಕೊಮ್ಮೆಯಾ, ಅಂದರೆ ಭೂಮಿಗೆ ಒಂದೊಂದು ಸುತ್ತು ಬಂದಾಗಲೆಲ್ಲ? ಬಿಸಿಲಿನಲ್ಲಿರುವಾಗಲಾ? ಅಥವಾ ಹೊತ್ತುಗೊತ್ತಿಲ್ಲದೆಯಾ? ಪವರ್ ವ್ಯವಸ್ಥೆಯ ಒಂದೊಂದು ದೋಷಕ್ಕೂ ಅದರದ್ದೇ ಸಮಯ ಇರುತ್ತದೆ. ಅದು ಗೊತ್ತಾದರೆ ಅರ್ಧ ಬೋರ್ಡನ್ನು ಮುಟ್ಟುವ ಅಗತ್ಯವೇ ಇರುವುದಿಲ್ಲ.

ಲೆಕ್ಕಕ್ಕೆ ಒಂದು ಉಪಗ್ರಹ

ಬರೀ ಮಾತಿಗಿಂತ ಅಂಕಿ ಇಟ್ಟುಕೊಂಡು ಹೋಗುವುದು ಸುಲಭ. 10 ಸೆಂ.ಮೀ. ಘನಾಕಾರದ, 1ಯು ಎನ್ನುವ ಅಳತೆಯ ಉಪಗ್ರಹ ತೆಗೆದುಕೊಳ್ಳೋಣ. 1999ರಲ್ಲಿ ಅಮೆರಿಕದ ಕ್ಯಾಲ್ ಪಾಲಿ ವಿಶ್ವವಿದ್ಯಾಲಯದ ಜೋರ್ಡಿ ಪ್ಯೂಗ್-ಸುವಾರಿ ಮತ್ತು ಸ್ಟ್ಯಾನ್‌ಫರ್ಡ್‌ನ ಬಾಬ್ ಟ್ವಿಗ್ಸ್ ಗೊತ್ತುಮಾಡಿದ ಅಳತೆ ಇದು. ನಮ್ಮ ಬೆಂಗಳೂರು ಮತ್ತು ಹೈದರಾಬಾದಿನ ಏಳು ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಸೇರಿ ಕಟ್ಟಿದ ಸ್ಟಡ್‌ಸ್ಯಾಟ್ ಕೂಡ 1 ಕೆ.ಜಿ. ಒಳಗಿನ ಪುಟಾಣಿಯೇ. 2010ರ ಜುಲೈ 12ರಂದು ಪಿಎಸ್‌ಎಲ್‌ವಿ-ಸಿ15ರಲ್ಲಿ ಹೋಯಿತು.

ನಮ್ಮ ಲೆಕ್ಕದ ಉಪಗ್ರಹದ ಆರೂ ಮುಖಗಳ ಮೇಲೆ ಎರಡೆರಡು ಟ್ರಿಪಲ್ ಜಂಕ್ಷನ್ ಸೋಲಾರ್ ಸೆಲ್ ಇವೆ, ಸೀರೀಸ್‌ನಲ್ಲಿ. ಬಿಸಿಲು ನೇರವಾಗಿ ಬಿದ್ದರೆ ಒಂದು ಮುಖದಿಂದ 4.7 ವೋಲ್ಟ್, 0.48 ಆಂಪಿಯರ್, ಅಂದರೆ ಸುಮಾರು 2.25 ವ್ಯಾಟ್ ಬರುತ್ತದೆ. ಬ್ಯಾಟರಿ ಎಂದರೆ ಎರಡು 18650 ಲಿಥಿಯಂ ಅಯಾನ್ ಸೆಲ್‌ಗಳು, ಇವೂ ಸೀರೀಸ್. 7.4 ವೋಲ್ಟ್, 2.6 ಆಂಪಿಯರ್-ಅವರ್, ಸುಮಾರು 19 ವ್ಯಾಟ್-ಅವರ್. 500 ಕಿ.ಮೀ. ಎತ್ತರದಲ್ಲಿ ಒಂದು ಸುತ್ತಿಗೆ 95 ನಿಮಿಷ ಹಿಡಿಯುತ್ತದೆ. ಅದರಲ್ಲಿ 35 ನಿಮಿಷದವರೆಗೆ ಭೂಮಿಯ ನೆರಳು.

ಉರುಳುತ್ತಾ ಹೋಗುವ ಘನದಲ್ಲಿ ಸರಾಸರಿ ಒಂದೂವರೆ ಮುಖದಷ್ಟು ಬಿಸಿಲು ಸಿಗುತ್ತದೆ. ಹಾಗಾಗಿ ಬಿಸಿಲಿರುವಾಗ 3.4 ವ್ಯಾಟ್. ಇಡೀ ಸುತ್ತಿಗೆ ಹಂಚಿದರೆ 2.1. ಕನ್ವರ್ಟರ್ ನುಂಗುವುದನ್ನು ಕಳೆದರೆ 1.8 ವ್ಯಾಟ್ ಕೈಗೆ ಬರುತ್ತದೆ. ಇಷ್ಟೇ ಸಂಬಳ. ಇದರಲ್ಲೇ ಕಂಪ್ಯೂಟರ್, ರೇಡಿಯೋ, ಕ್ಯಾಮೆರಾ ಎಲ್ಲ ನಡೆಯಬೇಕು.

ಸ್ವಿಚ್ ಹಾಕಿದ ಕೂಡಲೇ ಸತ್ತರೆ

ಪೇಲೋಡ್ (ಉಪಗ್ರಹ ಹೊತ್ತ ಕ್ಯಾಮೆರಾದಂಥ ಉಪಕರಣ) ಸ್ವಿಚ್ ಹಾಕಿದ ಒಂದೆರಡು ಮಿಲಿಸೆಕೆಂಡಿನಲ್ಲೇ ಮುಖ್ಯ ಕಂಪ್ಯೂಟರ್ ರೀಸೆಟ್ ಆಗುತ್ತಿದ್ದರೆ ಬ್ಯಾಟರಿಯ ಕಡೆ ತಿರುಗಿಯೂ ನೋಡಬೇಡಿ. ಪೇಲೋಡ್ ಬೋರ್ಡಿನ ಕೆಪಾಸಿಟರ್‌ಗಳನ್ನು ಎಣಿಸಿ.

470 ಮೈಕ್ರೋಫ್ಯಾರಡ್ ಇದೆ, 5 ವೋಲ್ಟಿನ ಲೈನ್ 100 ಮೈಕ್ರೋಸೆಕೆಂಡಿನಲ್ಲಿ ಏರುತ್ತದೆ ಎಂದುಕೊಳ್ಳಿ. ಅದನ್ನು ತುಂಬಲು ಆ ಕ್ಷಣಕ್ಕೆ 23 ಆಂಪಿಯರ್‌ಗಿಂತ ಜಾಸ್ತಿ ಬೇಕು. ಯಾವ ಪುಟ್ಟ ರೆಗ್ಯುಲೇಟರ್ ಕೊಡುತ್ತದೆ ಅಷ್ಟನ್ನು? ಲೈನ್ ಕುಸಿಯುತ್ತದೆ, ಅದರಿಂದಲೇ 3.3 ವೋಲ್ಟ್ ಪಡೆಯುವ ಕಂಪ್ಯೂಟರ್ ರೀಸೆಟ್ ಆಗುತ್ತದೆ. ಕರೆಂಟ್ ಮಿತಿ ಇರುವ ಸ್ವಿಚ್ ಹಾಕಿದ್ದೀರಿ, ಮಿತಿ 1 ಆಂಪಿಯರ್ ಎಂದರೆ ಕೆಪಾಸಿಟರ್ ತುಂಬಲು 2.35 ಮಿಲಿಸೆಕೆಂಡ್ ಹಿಡಿಯುತ್ತದೆ. ಸ್ವಿಚ್ ಒಳಗಿನ ಟೈಮರ್ 1 ಮಿಲಿಸೆಕೆಂಡಿಗೇ ದೋಷ ಎಂದು ಕತ್ತರಿಸಿದರೆ ಪೇಲೋಡ್ ಯಾವತ್ತೂ ಆನ್ ಆಗುವುದಿಲ್ಲ. ಶಾರ್ಟ್ ಹುಡುಕುತ್ತಾ ಕೂರುತ್ತೀರಿ. ಶಾರ್ಟ್ ಇರುವುದೇ ಇಲ್ಲ.

ಇದು ಮಲ್ಟಿಮೀಟರಿಗೆ ಕಾಣುವುದಿಲ್ಲ. ಆಸಿಲೋಸ್ಕೋಪನ್ನು ಸಿಂಗಲ್ ಶಾಟ್‌ಗೆ ಇಟ್ಟು, 3.3 ವೋಲ್ಟ್ ಲೈನ್ 3.1ಕ್ಕಿಂತ ಕೆಳಗೆ ಬಿದ್ದಾಗ ಹಿಡಿಯುವಂತೆ ಟ್ರಿಗರ್ ಹಾಕಿ. ಪ್ರೋಬಿನ ಉದ್ದದ ಗ್ರೌಂಡ್ ವೈರ್ ತೆಗೆದು ಚಿಕ್ಕ ಸ್ಪ್ರಿಂಗ್ ಹಾಕಿ, ಇಲ್ಲದಿದ್ದರೆ ಇಲ್ಲದ ವೋಲ್ಟೇಜ್ ಕುಸಿತಗಳನ್ನೆಲ್ಲ ಅದು ತೋರಿಸುತ್ತದೆ. ಪರಿಹಾರ ಸುಲಭ: ಸ್ವಿಚ್ ನಿಧಾನವಾಗಿ ಆನ್ ಆಗುವಂತೆ ಮಾಡಿ. ಏರುವ ಸಮಯ 5 ಮಿಲಿಸೆಕೆಂಡ್ ಆದರೆ ಅದೇ ಕೆಪಾಸಿಟರಿಗೆ 0.47 ಆಂಪಿಯರ್ ಸಾಕು.

ಇಲ್ಲಿ ಟೆಲಿಮೆಟ್ರಿ, ಅಂದರೆ ಉಪಗ್ರಹ ತಾನೇ ಅಳೆದು ಕಳಿಸುವ ಅಂಕಿ, ನಂಬಬೇಡಿ. ವೋಲ್ಟೇಜನ್ನು ಅಂಕಿಗೆ ತಿರುಗಿಸುವ ಎಡಿಸಿಯ ರೆಫರೆನ್ಸ್ (ಅಳತೆಗೋಲು) 3.3 ವೋಲ್ಟ್ ಲೈನೇ ಆಗಿದ್ದರೆ, ಆ ಲೈನ್ 3.0ಕ್ಕೆ ಬಿದ್ದಾಗ 7.0 ವೋಲ್ಟಿನ ಬ್ಯಾಟರಿ 7.7 ಎಂದು ಕಾಣುತ್ತದೆ. ಲೋಡ್ ಹಾಕಿದಾಗ ಬ್ಯಾಟರಿ ವೋಲ್ಟೇಜ್ ಏರಿತು ಎಂದು ಲಾಗ್ ಹೇಳಿದರೆ ಬ್ಯಾಟರಿ ಏರಿಲ್ಲ, ಅಳತೆಗೋಲು ಕುಗ್ಗಿದೆ. ಪ್ರತ್ಯೇಕ ರೆಫರೆನ್ಸ್ ಚಿಪ್ ಹಾಕಿ.

ಪ್ರಸಾರ ಶುರುವಾದಾಗ ಸತ್ತರೆ

ಅತಿ ಹೆಚ್ಚು ತಲೆ ತಿನ್ನುವುದು ಇದು. ಲ್ಯಾಬಿನಲ್ಲಿ ಎಲ್ಲ ಸರಿ ಇರುತ್ತದೆ. ಥರ್ಮಲ್ ಚೇಂಬರಿನಲ್ಲಿ ಇಟ್ಟ ಕೂಡಲೇ ಶುರು.

1 ವ್ಯಾಟ್ ರೇಡಿಯೋ ಅಲೆ ಹೊರಡಿಸುವ ಟ್ರಾನ್ಸ್‌ಮಿಟರ್ 3ರಿಂದ 4 ವ್ಯಾಟ್ ತಿನ್ನುತ್ತದೆ. ಕನ್ವರ್ಟರ್ ನಷ್ಟ ಸೇರಿಸಿ ಬ್ಯಾಟರಿಯಿಂದ ಸುಮಾರು 4.7 ವ್ಯಾಟ್, ಅಂದರೆ 0.64 ಆಂಪಿಯರ್. ಎರಡು ಸೆಲ್, ಪ್ರೊಟೆಕ್ಷನ್ ಸರ್ಕ್ಯೂಟ್, ಫ್ಯೂಸ್, ಕನೆಕ್ಟರ್, ಡಿಪ್ಲಾಯ್‌ಮೆಂಟ್ ಸ್ವಿಚ್ (ರಾಕೆಟ್ಟಿನಿಂದ ಹೊರಬಿದ್ದಾಗ ಆನ್ ಆಗುವುದು) ಎಲ್ಲದರ ರೆಸಿಸ್ಟೆನ್ಸ್ ಸೇರಿ 0.25 ಓಮ್ ಎಂದುಕೊಂಡರೆ 0.16 ವೋಲ್ಟ್ ಇಳಿಯುತ್ತದೆ. ಯಾರಿಗೂ ತೊಂದರೆ ಇಲ್ಲ. ಸೆಲ್ ಸೊನ್ನೆಗಿಂತ ಕೆಳಗೆ ತಣ್ಣಗಾದಾಗ ಅದರ ಒಳಗಿನ ರೆಸಿಸ್ಟೆನ್ಸ್ ಹಲವು ಪಟ್ಟು ಏರುತ್ತದೆ. ಒಟ್ಟು 0.7 ಓಮ್ ಆಯಿತು ಎನ್ನಿ. ಈಗ ಇಳಿತ 0.45 ವೋಲ್ಟ್. ಅದರ ಮೇಲೆ, ವೋಲ್ಟೇಜ್ ಇಳಿದಷ್ಟೂ ಕನ್ವರ್ಟರ್ ಅದೇ ವ್ಯಾಟ್ ಪೂರೈಸಲು ಇನ್ನೂ ಜಾಸ್ತಿ ಕರೆಂಟ್ ಎಳೆಯುತ್ತದೆ.

ಸುಮ್ಮನಿದ್ದಾಗ 6.6 ವೋಲ್ಟ್ ಇದ್ದ ಬ್ಯಾಟರಿ ಪ್ರಸಾರದ ಹೊತ್ತಿಗೆ 6.15ಕ್ಕೆ ಬರುತ್ತದೆ. ಕಡಿಮೆ ವೋಲ್ಟೇಜ್ ಕಾವಲು 6.2ಕ್ಕೆ ಇದ್ದರೆ ಎಲ್ಲವನ್ನೂ ಆಫ್ ಮಾಡುತ್ತದೆ. ಲೋಡ್ ಹೋಯಿತಲ್ಲ, ವೋಲ್ಟೇಜ್ ಮತ್ತೆ 6.6ಕ್ಕೆ ಜಿಗಿಯುತ್ತದೆ. ಮತ್ತೆ ಆನ್ ಮಾಡುವ ಗಡಿ 6.4 ಎಂದು ಇಟ್ಟಿದ್ದರೆ ಕೂಡಲೇ ಆನ್. ಕಂಪ್ಯೂಟರ್ ಏಳುತ್ತದೆ, "ನಾನು ಬದುಕಿದ್ದೇನೆ" ಎಂದು ಬೀಕನ್ ಕಳಿಸಲು ಹೋಗುತ್ತದೆ, ಮತ್ತೆ ಆಫ್. ಹಳೇ ಟ್ಯೂಬ್‌ಲೈಟ್ ಹಾಗೆ ಹತ್ತುತ್ತಾ ಆರುತ್ತಾ ಬ್ಯಾಟರಿ ಪೂರ್ತಿ ಬರಿದಾಗುವವರೆಗೂ ಇದೇ ಆಟ.

ಪತ್ತೆ ಮಾಡುವುದು ಹೀಗೆ. ಬ್ಯಾಟರಿ ಟರ್ಮಿನಲ್ ಮೇಲೆ ಒಂದು ಚಾನೆಲ್, ಬೋರ್ಡಿನ ಇನ್‌ಪುಟ್ ಮೇಲೆ ಇನ್ನೊಂದು ಚಾನೆಲ್ ಇಡಿ. ಪ್ರಸಾರ ಕೊಡಿ. ಎರಡೂ ಒಂದೇ ಸಮ ಇಳಿದರೆ ಸಮಸ್ಯೆ ಸೆಲ್‌ನಲ್ಲಿ. ಟರ್ಮಿನಲ್ ಗಟ್ಟಿಯಾಗಿ ನಿಂತು ಬೋರ್ಡಿನ ಕಡೆ ಮಾತ್ರ ಕುಸಿದರೆ ಸಮಸ್ಯೆ ಮಧ್ಯದ ದಾರಿಯಲ್ಲಿ.

ಮಧ್ಯದ ದಾರಿಯಲ್ಲಿ ಎಲ್ಲಿ ಎಂದು ಹುಡುಕಲು ನನಗೆ ತುಂಬ ಇಷ್ಟವಾದ ವಿಧಾನವೊಂದಿದೆ. ಬ್ಯಾಟರಿ ಬಿಚ್ಚಿ, ಕರೆಂಟ್ ಮಿತಿಯನ್ನು ಸರಿಯಾಗಿ 1 ಆಂಪಿಯರ್‌ಗೆ ಇಟ್ಟ ಬೆಂಚ್ ಸಪ್ಲೈಯಿಂದ ಅದೇ ದಾರಿಯಲ್ಲಿ ಕರೆಂಟ್ ಹರಿಸಿ. ಮೀಟರನ್ನು ಮಿಲಿವೋಲ್ಟಿಗೆ ಇಡಿ. ಆಮೇಲೆ ಒಂದೊಂದೇ ಜಾಯಿಂಟಿನ ಎರಡೂ ಬದಿಗೆ ಪ್ರೋಬ್ ಇಡುತ್ತಾ ಹೋಗಿ. 1 ಆಂಪಿಯರ್ ಆದ್ದರಿಂದ ಎಷ್ಟು ಮಿಲಿವೋಲ್ಟ್ ಕಾಣುತ್ತದೋ ಅಷ್ಟೇ ಮಿಲಿಓಮ್. ಒಳ್ಳೆಯ ಕ್ರಿಂಪ್ (ವೈರ್ ತುದಿಗೆ ಅದುಮಿ ಕೂರಿಸಿದ ಲೋಹದ ಜಾಯಿಂಟ್) ಕೆಲವೇ ಮಿಲಿವೋಲ್ಟ್ ತೋರಿಸುತ್ತದೆ. ಒಂದು ಮೈಕ್ರೋಸ್ವಿಚ್ ಮೇಲೆ 150 ಕಂಡರೆ ಕಳ್ಳ ಸಿಕ್ಕಿದ ಹಾಗೇ. ರಾಕೆಟ್ ಡಬ್ಬಿಯಲ್ಲಿ ಒತ್ತಿಕೊಂಡು ಕೂರುವ ಸ್ವಿಚ್‌ಗಳನ್ನು ಟೆಸ್ಟಿಂಗ್ ಹೊತ್ತಿನಲ್ಲಿ ಸಾವಿರ ಸಲ ಒತ್ತಿರುತ್ತೇವೆ, ಫ್ಲಕ್ಸ್ ಒಳಗೆ ಹೋಗಿರುತ್ತದೆ. ವೈರ್ ಸ್ವಲ್ಪ ಅಲುಗಿಸಿ ನೋಡಿ. ಅಂಕಿ ಕುಣಿದರೆ ಆ ಕ್ರಿಂಪ್ ಕತ್ತರಿಸಿ ಹೊಸದು ಹಾಕಿ, ಮೇಲಿಂದ ಸೋಲ್ಡರ್ ಸುರಿದು ಸಮಾಧಾನಪಟ್ಟುಕೊಳ್ಳಬೇಡಿ. ವೈಬ್ರೇಷನ್ ಟೆಸ್ಟಿನಲ್ಲಿ ವೈರ್ ಸರಿಯಾಗಿ ಸೋಲ್ಡರ್ ಮುಗಿಯುವ ಜಾಗದಲ್ಲೇ ತುಂಡಾಗುತ್ತದೆ.

ದೋಷ ಸೆಲ್‌ನಲ್ಲೇ ಇದ್ದರೂ ಬದಲಾಯಿಸಬೇಕಾದ್ದು ಮೊದಲು ಗಡಿಗಳನ್ನು. ಆಫ್ ಆಗುವ ಮತ್ತು ಆನ್ ಆಗುವ ವೋಲ್ಟೇಜ್ ನಡುವಿನ ಅಂತರ, ಅತಿ ಚಳಿಯಲ್ಲಿ ಅತಿ ದೊಡ್ಡ ಲೋಡ್ ಹಾಕಿದಾಗ ಆಗುವ ಇಳಿತಕ್ಕಿಂತ ಜಾಸ್ತಿ ಇರಲೇಬೇಕು. ಇಲ್ಲಿ 6.2ಕ್ಕೆ ಆಫ್, 7.0ಕ್ಕೆ ಆನ್ ಎಂದು ಇಡಬಹುದು. ಎದ್ದ ಕೂಡಲೇ ಬೀಕನ್ ಕಳಿಸುವ ಆತುರವನ್ನೂ ಸಾಫ್ಟ್‌ವೇರ್ ಬಿಡಬೇಕು. ಮೊದಲು ಬ್ಯಾಟರಿ ನೋಡಿ, ಆಮೇಲೆ ಮಾತಾಡಲಿ.

ಪ್ರತಿ ಸುತ್ತಿಗೊಮ್ಮೆ, ನೆರಳಿಗೆ ಹೋದಾಗ ಸತ್ತರೆ

ಇಲ್ಲಿ ಒಂದು ಸಣ್ಣ ಲೆಕ್ಕ ಬಹಳ ಕೆಲಸ ಮಾಡುತ್ತದೆ. 35 ನಿಮಿಷ ನೆರಳು, 2 ವ್ಯಾಟ್ ಖರ್ಚು. ಅಂದರೆ 1.2 ವ್ಯಾಟ್-ಅವರ್‌ಗಿಂತ ಕಡಿಮೆ. 19ರಲ್ಲಿ ಅದು ಶೇ. 6ರಷ್ಟು. ತುಂಬಿದ ಬ್ಯಾಟರಿ ಒಂದು ನೆರಳಿಗೆ ಬರಿದಾಗುವುದು ಸಾಧ್ಯವೇ ಇಲ್ಲ. ಹಾಗಾಗಿ ದೊಡ್ಡ ಬ್ಯಾಟರಿ ಹಾಕೋಣ ಎನ್ನುವ ಮಾತಿಗೆ ಅರ್ಥ ಇಲ್ಲ. ಇರುವುದು ಎರಡೇ ದಾರಿ: ಬ್ಯಾಟರಿ ತುಂಬುತ್ತಲೇ ಇಲ್ಲ, ಅಥವಾ ಬ್ಯಾಟರಿ ಸರ್ಕ್ಯೂಟಿನಲ್ಲೇ ಇಲ್ಲ.

ಬ್ಯಾಟರಿಯೇ ಇಲ್ಲದೆ ಬದುಕಿರುವುದಕ್ಕೆ ಆಸ್ಕರ್-7 ಸಾಕ್ಷಿ. 1974ರ ನವೆಂಬರ್ 15ರಂದು ಹಾರಿದ ಹವ್ಯಾಸಿ ರೇಡಿಯೋ ಉಪಗ್ರಹ ಅದು. 1981ರಲ್ಲಿ ಬ್ಯಾಟರಿ ಶಾರ್ಟ್ ಆಗಿ ಸುಮ್ಮನಾಯಿತು. ಶಾರ್ಟ್ ಆದ ಬ್ಯಾಟರಿ ಪ್ಯಾನೆಲ್‌ನಿಂದ ಬಂದದ್ದನ್ನೆಲ್ಲ ನುಂಗುತ್ತಿತ್ತು. 2002ರ ಜೂನ್ 21ರಂದು ಇದ್ದಕ್ಕಿದ್ದಂತೆ ಅದರ ದನಿ ಮತ್ತೆ ಕೇಳಿಸಿತು. ಶಾರ್ಟ್ ಆಗಿದ್ದದ್ದು ಓಪನ್ ಆಗಿತ್ತು, ಅಂದರೆ ಸಂಪರ್ಕ ಕಡಿದಿತ್ತು, ಪ್ಯಾನೆಲ್ ಪವರ್ ನೇರ ರೇಡಿಯೋಗೆ ಹೋಗತೊಡಗಿತ್ತು. ಅಲ್ಲಿಂದಾಚೆ ಬಿಸಿಲಿನಲ್ಲಿ ಮಾತ್ರ ಕೆಲಸ, ನೆರಳಿಗೆ ಹೋದರೆ ಆಫ್. ನಿಮ್ಮ ಉಪಗ್ರಹವೂ ನೆರಳಿಗೆ ಕಾಲಿಟ್ಟ ಕೂಡಲೇ, ನಿಧಾನವಾಗಿ ಇಳಿಯದೆ ಒಂದೇ ಏಟಿಗೆ ಆರಿದರೆ ಬ್ಯಾಟರಿ ಓಪನ್ ಎಂದೇ ತಿಳಿಯಿರಿ. ಫ್ಯೂಸ್, ಪ್ರೊಟೆಕ್ಷನ್ ಸರ್ಕ್ಯೂಟ್, ಕನೆಕ್ಟರ್, ಈ ಕ್ರಮದಲ್ಲಿ ನೋಡಿ.

ನಿಧಾನವಾಗಿ ಇಳಿದು ಅರ್ಧ ನೆರಳಿಗೆ ಆರುತ್ತದೆ ಎಂದರೆ ತುಂಬುತ್ತಿಲ್ಲ. ಚಾರ್ಜರ್ ಬೇಕೆಂದೇ ಸುಮ್ಮನಿದೆಯಾ ಎಂದು ಮೊದಲು ನೋಡಿ. ಲಿಥಿಯಂ ಅಯಾನ್ ಸೆಲ್ಲನ್ನು 0 ಡಿಗ್ರಿ ಸೆಲ್ಸಿಯಸ್ ಕೆಳಗೆ ಚಾರ್ಜ್ ಮಾಡಬಾರದು, ಒಳಗೆ ಲೋಹದ ಲಿಥಿಯಂ ಪದರ ಕಟ್ಟಿಕೊಂಡು ಸೆಲ್ ಕೆಡುತ್ತದೆ. ಅದಕ್ಕೇ ಸೆಲ್ಲಿಗೆ ಅಂಟಿಸಿದ, ಬಿಸಿ ಅಳೆಯುವ ಥರ್ಮಿಸ್ಟರನ್ನು ಚಾರ್ಜರಿಗೆ ಜೋಡಿಸಿರುತ್ತಾರೆ. ಸಾಮಾನ್ಯವಾಗಿ ಬಳಸುವ ಥರ್ಮಿಸ್ಟರ್ ತಣ್ಣಗಾದಷ್ಟೂ ರೆಸಿಸ್ಟೆನ್ಸ್ ಏರುವ ಬಗೆಯದು. ಅದರ ಕೂದಲೆಳೆಯಂಥ ವೈರ್ ತುಂಡಾದರೆ ಚಾರ್ಜರಿಗೆ ವಿಪರೀತ ಚಳಿ ಎಂದೇ ಅರ್ಥ. ಜನ್ಮದಲ್ಲಿ ಚಾರ್ಜ್ ಮಾಡುವುದಿಲ್ಲ. ಮೇ ತಿಂಗಳ ಸೆಖೆಯ ಲ್ಯಾಬಿನಲ್ಲಿ ಕೂತು ಟೆಲಿಮೆಟ್ರಿ ಮೈನಸ್ 40 ಎಂದರೆ ನಗು ಬರುತ್ತದೆ, ಆದರೆ ಎಷ್ಟೋ ಬೋರ್ಡುಗಳಲ್ಲಿ ಆ ಥರ್ಮಿಸ್ಟರ್ ಟೆಲಿಮೆಟ್ರಿಗೆ ಬರುವುದೇ ಇಲ್ಲ, ಚಾರ್ಜರ್ ಚಿಪ್‌ಗೆ ಮಾತ್ರ ಹೋಗುತ್ತದೆ. ಚಾರ್ಜರ್ ಪಿನ್ ಮೇಲಿನ ವೋಲ್ಟೇಜನ್ನೇ ಅಳೆಯಿರಿ.

ದಿನಕ್ಕೆ ಸ್ವಲ್ಪ ಸ್ವಲ್ಪವೇ ಸೋರುತ್ತಿದ್ದರೆ ಕರೆಂಟ್ ಸೆನ್ಸರಿನ ಸೊನ್ನೆ ಸರಿ ಇದೆಯಾ ನೋಡಿ. 20 ಮಿಲಿಓಮ್ ರೆಸಿಸ್ಟರ್ ಮೇಲೆ ಆಂಪ್ಲಿಫೈಯರ್ ಅರ್ಧ ಮಿಲಿವೋಲ್ಟ್ ತಪ್ಪಿದರೆ 25 ಮಿಲಿಆಂಪಿಯರ್ ಸುಳ್ಳು. 7.4 ವೋಲ್ಟಿನಲ್ಲಿ ಅದು 0.18 ವ್ಯಾಟ್. 1.8ರ ಸಂಬಳದಲ್ಲಿ ಹತ್ತನೇ ಒಂದು ಪಾಲು ಲೆಕ್ಕಕ್ಕೇ ಸಿಗದೆ ಹೋಗುತ್ತದೆ.

ಬಿಸಿಲಿನಲ್ಲಿ ಇರುವಾಗಲೇ ತೊಂದರೆ

ಸೋಲಾರ್ ಸೆಲ್ ಬಿಸಿಯಾದರೆ ವೋಲ್ಟೇಜ್ ಇಳಿಯುತ್ತದೆ. ಟ್ರಿಪಲ್ ಜಂಕ್ಷನ್ ಸೆಲ್‌ಗೆ ಡಿಗ್ರಿಗೆ ಸುಮಾರು 6 ಮಿಲಿವೋಲ್ಟ್. ನಮ್ಮ ಎರಡು ಸೆಲ್ ಪ್ಯಾನೆಲ್ 28ರಿಂದ 70 ಡಿಗ್ರಿಗೆ ಏರಿದರೆ ಅರ್ಧ ವೋಲ್ಟ್ ಹೋಯಿತು. 4.7 ಇದ್ದದ್ದು 4.2. ಲೋಡ್ ಇಲ್ಲದಾಗಿನ 5.3 ಕೂಡ 4.8ಕ್ಕೆ ಇಳಿಯುತ್ತದೆ. ಅಗ್ಗದ ವಿನ್ಯಾಸದಲ್ಲಿ ಚಾರ್ಜರ್ ಪ್ಯಾನೆಲ್ಲನ್ನು 4.6 ವೋಲ್ಟಿನಲ್ಲೇ ಹಿಡಿದಿಡಲು ನೋಡುತ್ತದೆ. ಬಿಸಿ ಪ್ಯಾನೆಲ್ ಅಲ್ಲಿ ಬಹಳ ಕಡಿಮೆ ಕೊಡುತ್ತದೆ. ಬಿಸಿಲಿಗೆ ಬಂದ ಮೊದಲ ನಿಮಿಷಗಳಲ್ಲಿ ಚಾರ್ಜಿಂಗ್ ಚೆನ್ನಾಗಿದ್ದು, ಆಮೇಲೆ ಸೊರಗುತ್ತಾ ಹೋದರೆ ಕಾರಣ ಇದೇ. ಹಿಡಿದಿಡುವ ವೋಲ್ಟೇಜ್ ಇಳಿಸಿ, ಅಥವಾ ಪ್ಯಾನೆಲ್ ಅತಿ ಹೆಚ್ಚು ಪವರ್ ಕೊಡುವ ವೋಲ್ಟೇಜನ್ನು ತಾನೇ ಹುಡುಕಿಕೊಳ್ಳುವ ನಿಜವಾದ ಎಂಪಿಪಿಟಿ ಹಾಕಿ.

ನೆರಳಿನಿಂದ ಈಗಷ್ಟೇ ಹೊರಬಂದ ಮೈನಸ್ 30 ಡಿಗ್ರಿಯ ಪ್ಯಾನೆಲ್ 6 ವೋಲ್ಟ್ ಮುಟ್ಟುತ್ತದೆ. ನಿಮ್ಮ ಕನ್ವರ್ಟರ್ ತಡೆಯುವುದು 5.5 ಮಾತ್ರ ಎಂದಿದ್ದರೆ ಅದು ಪ್ರತಿ ಸುತ್ತಿಗೂ ಸ್ವಲ್ಪ ಸ್ವಲ್ಪ ಸಾಯುತ್ತಿರುತ್ತದೆ.

ಇನ್ನೊಂದು ದೋಷ ನೋಡಲು ಚೆಂದ. ಸ್ಕೋಪಿನಲ್ಲಿ ಪ್ಯಾನೆಲ್ ವೋಲ್ಟೇಜ್ ಗರಗಸದ ಹಲ್ಲಿನಂತೆ ಏರಿಳಿಯುತ್ತಿರುತ್ತದೆ. ಪ್ಯಾನೆಲ್ 2.25 ವ್ಯಾಟ್ ಕೊಡಬಲ್ಲದು, ಕನ್ವರ್ಟರ್ 2.5 ಕೇಳುತ್ತದೆ. ವೋಲ್ಟೇಜ್ ಕುಸಿಯುತ್ತದೆ, ಕನ್ವರ್ಟರ್ ಆರುತ್ತದೆ, ಪ್ಯಾನೆಲ್ ಚೇತರಿಸಿಕೊಳ್ಳುತ್ತದೆ, ಮತ್ತೆ ಮೊದಲಿನಿಂದ. ಬ್ಯಾಟರಿ ಬರಿದಾದ ಉಪಗ್ರಹ ಬಿಸಿಲಿನಲ್ಲಿದ್ದೂ ಏಳದೇ ಇರುವುದಕ್ಕೆ ಇದು ಸಾಕು. ಇನ್‌ಪುಟ್ ವೋಲ್ಟೇಜ್ ಇಳಿದಂತೆ ತಾನೂ ಕಡಿಮೆ ಎಳೆಯುವ ಚಾರ್ಜರ್ ಬೇಕು. ಬ್ಯಾಟರಿ ಬಿಚ್ಚಿಟ್ಟು, ಪ್ಯಾನೆಲ್ ಒಂದರಿಂದಲೇ ಬೋರ್ಡ್ ಏಳುತ್ತದಾ ಎಂಬ ಪರೀಕ್ಷೆಯನ್ನು ಹಾರುವ ಮೊದಲೇ ಮಾಡಿ.

ಪ್ಯಾನೆಲ್ ಪರೀಕ್ಷೆಗೆ ಹ್ಯಾಲೊಜನ್ ದೀಪ ಹಿಡಿದು "ಸೆಲ್ ಹಾಳು" ಎಂದು ತೀರ್ಪು ಕೊಡಬೇಡಿ. ಟ್ರಿಪಲ್ ಜಂಕ್ಷನ್ ಎಂದರೆ ಮೂರು ಸೆಲ್ ಒಂದರ ಮೇಲೊಂದು, ಸೀರೀಸ್‌ನಲ್ಲಿ. ಒಂದಕ್ಕೆ ಬೆಳಕು ಕಡಿಮೆಯಾದರೂ ಮೂರರ ಕರೆಂಟೂ ಅಷ್ಟಕ್ಕೇ ನಿಲ್ಲುತ್ತದೆ. ಹ್ಯಾಲೊಜನ್‌ನಲ್ಲಿ ನೀಲಿ ಕಡಿಮೆ, ಮೇಲಿನ ಸೆಲ್ ಹಸಿದಿರುತ್ತದೆ. ಬಿಳಿ ಎಲ್‌ಇಡಿಯಲ್ಲಿ ಇನ್‌ಫ್ರಾರೆಡ್ ಇಲ್ಲ, ಕೆಳಗಿನದ್ದು ಹಸಿದಿರುತ್ತದೆ. ಪ್ಯಾನೆಲ್ ಎತ್ತಿಕೊಂಡು ಟೆರೇಸಿಗೆ ಹೋಗಿ. ಮೋಡವಿಲ್ಲದ ಮಧ್ಯಾಹ್ನ ಚದರ ಮೀಟರಿಗೆ 1000 ವ್ಯಾಟ್ ಹತ್ತಿರ ಇರುತ್ತದೆ, ಅಂತರಿಕ್ಷದಲ್ಲಿ 1361. ಸೂರ್ಯನಿಗೆ ನೇರ ಹಿಡಿದಾಗ 0.35 ಆಂಪಿಯರ್ ಆಸುಪಾಸು ಬಂದರೆ ಪ್ಯಾನೆಲ್ ಸರಿ ಇದೆ. ಬೇಗ ಅಳೆಯಿರಿ, ಬಿಸಿಯಾದರೆ ವೋಲ್ಟೇಜ್ ಇಳಿಯುತ್ತದೆ.

ಹೊತ್ತುಗೊತ್ತಿಲ್ಲದೆ ಆದರೆ

ಲ್ಯಾಬಿನಲ್ಲಾದರೆ ಎಲ್ಲ ಕೇಬಲ್ ಕಿತ್ತು ಮತ್ತೆ ನೋಡಿ. ಡಿಬಗರ್, ಯುಎಸ್‌ಬಿ, ಸೀರಿಯಲ್ ವೈರ್ ಯಾವುದಾದರೂ ಒಂದು ಹಿಂಬಾಗಿಲಿನಿಂದ ಪವರ್ ಕೊಡುತ್ತಿರುತ್ತದೆ. ಆಫ್ ಮಾಡಿದ ಚಿಪ್‌ನ ಸಿಗ್ನಲ್ ಪಿನ್‌ಗೆ 3.3 ವೋಲ್ಟ್ ಬಂದರೆ ಅದು ಒಳಗಿನ ಪ್ರೊಟೆಕ್ಷನ್ ಡಯೋಡ್ ಮೂಲಕ ಪವರ್ ಲೈನಿಗೇ ನುಗ್ಗುತ್ತದೆ. ಆಫ್ ಆಗಿರಬೇಕಾದ ಲೈನ್ ಮೇಲೆ 2 ವೋಲ್ಟಿಗಿಂತ ಜಾಸ್ತಿ ನಿಂತಿರುತ್ತದೆ. ಚಿಪ್ ಪೂರ್ತಿ ಸತ್ತಿಲ್ಲ, ಪೂರ್ತಿ ಬದುಕಿಲ್ಲ. ಒಂದು ಬೋರ್ಡಿನಿಂದ ಇನ್ನೊಂದಕ್ಕೂ ಹೀಗೇ ಆಗುತ್ತದೆ, ಮತ್ತು ಅದನ್ನು ಕೇಬಲ್ ಹಾಗೆ ಕಿತ್ತುಹಾಕಲು ಆಗುವುದಿಲ್ಲ. ಆಫ್ ಮಾಡಿದ ಪ್ರತಿ ಲೈನ್ 0.2 ವೋಲ್ಟಿಗಿಂತ ಕೆಳಗೆ ಇಳಿಯುತ್ತದಾ ಎಂದು ಅಳೆಯಿರಿ. ಇಳಿಯದಿದ್ದರೆ ಆಫ್ ಮಾಡುವ ಮೊದಲು ಆ ಕಡೆಯ ಪಿನ್‌ಗಳನ್ನು ಇನ್‌ಪುಟ್ ಮಾಡಿ ಬಿಡಿ, ಅಥವಾ ಮಧ್ಯೆ ಬಫರ್ ಹಾಕಿ.

ಇದು ಯಾಕೆ ಮುಖ್ಯ ಎಂದರೆ ಲ್ಯಾಚ್-ಅಪ್. ವಿಕಿರಣದ ಒಂದು ಕಣ ಬಡಿದು ಚಿಪ್ ಒಳಗೆ ಶಾರ್ಟ್‌ನಂಥ ದಾರಿ ತೆರೆದುಕೊಂಡರೆ ಕರೆಂಟ್ ಮೆಟ್ಟಿಲಿನ ಹಾಗೆ ಜಿಗಿದು ಅಲ್ಲೇ ನಿಲ್ಲುತ್ತದೆ. ಪವರ್ ಪೂರ್ತಿ ತೆಗೆದರೆ ಮಾತ್ರ ಬಿಡುತ್ತದೆ. ಹಿಂಬಾಗಿಲಿನಿಂದ ಪವರ್ ಬರುತ್ತಿದ್ದರೆ ವಾಚ್‌ಡಾಗ್ (ಕಂಪ್ಯೂಟರ್ ಸ್ತಬ್ಧವಾದರೆ ಮತ್ತೆ ಎಬ್ಬಿಸುವ ಕಾವಲು ಸರ್ಕ್ಯೂಟ್) ಎಷ್ಟು ಸಲ ಆಫ್ ಆನ್ ಮಾಡಿದರೂ ಬಿಡದೇ ಇರಬಹುದು. ಮೇಲಿರುವ ಉಪಗ್ರಹದಲ್ಲಿ ಇಂಥ ರೀಸೆಟ್‌ಗಳ ಜಾಗವನ್ನು ಭೂಪಟದ ಮೇಲೆ ಗುರುತಿಸಿ. ಚುಕ್ಕಿಗಳು ಬ್ರೆಜಿಲ್ ಮತ್ತು ದಕ್ಷಿಣ ಅಟ್ಲಾಂಟಿಕ್ ಮೇಲೆ ಗುಂಪುಗೂಡಿದರೆ ವಿಕಿರಣವೇ ಕಾರಣ, ಬೋರ್ಡಿನಲ್ಲಿ ಸಡಿಲ ಜಾಯಿಂಟ್ ಹುಡುಕಬೇಡಿ. ಅಲ್ಲಿ ಭೂಮಿಯ ವಿಕಿರಣ ಪಟ್ಟಿ ಕೆಳಗೆ ಇಳಿದಿರುತ್ತದೆ.

ಉಪಗ್ರಹ ಆಗಲೇ ಮೇಲಿದ್ದರೆ

ಸ್ಕೋಪ್ ಇಲ್ಲ, ಸೋಲ್ಡರಿಂಗ್ ಐರನ್ ಇಲ್ಲ. ದಿನಕ್ಕೆ ಕೆಲವೇ ನಿಮಿಷ ಮಾತುಕತೆ. ಕಳಿಸುವ ಮೊದಲ ಕಮಾಂಡ್ ಬೀಕನ್ ನಡುವಿನ ಸಮಯ ಹೆಚ್ಚಿಸುವುದು. 30 ಸೆಕೆಂಡಿಗೊಮ್ಮೆ ಇದ್ದರೆ 2 ನಿಮಿಷಕ್ಕೊಮ್ಮೆ ಮಾಡಿ. ಎರಡನೆಯದು ಪೇಲೋಡ್ ಆಫ್. ಇವೆರಡನ್ನೂ ಉಪಗ್ರಹ ಬಿಸಿಲಿಗೆ ಬಂದು ಹತ್ತು ಹದಿನೈದು ನಿಮಿಷ ಕಳೆದ ಮೇಲಿನ ಪಾಸ್‌ನಲ್ಲಿ (ನಿಮ್ಮ ಆಕಾಶದಲ್ಲಿ ಹಾದುಹೋಗುವಾಗ) ಕಳಿಸಿ, ಬ್ಯಾಟರಿ ಆಗ ಸ್ವಲ್ಪ ಬೆಚ್ಚಗಿರುತ್ತದೆ, ಮಧ್ಯೆ ಆರುವ ಸಂಭವ ಕಡಿಮೆ. ಸೆಟ್ಟಿಂಗ್ ರೀಸೆಟ್ ಆದರೂ ಉಳಿಯುವ ಮೆಮೊರಿಗೆ ಹೋಗುತ್ತದಾ ಎಂದು ಲ್ಯಾಬಿನಲ್ಲಿರುವ ಜೋಡಿ ಬೋರ್ಡಿನ ಮೇಲೆ ಮೊದಲು ಖಚಿತ ಮಾಡಿಕೊಳ್ಳಿ. ಬೂಟ್ ಎಣಿಕೆ, ಕೊನೆಯ ರೀಸೆಟ್ ಕಾರಣ, ಆ ಸುತ್ತಿನ ಅತಿ ಕಡಿಮೆ ಬ್ಯಾಟರಿ ವೋಲ್ಟೇಜ್, ಈ ಮೂರು ಪ್ರತಿ ಬೀಕನ್‌ನಲ್ಲೂ ಬರಲಿ. ಒಂದು ವಾರ ಅದನ್ನು ಗ್ರಾಫ್ ಹಾಕಿ. ಕನಿಷ್ಠ ವೋಲ್ಟೇಜ್ ಸುತ್ತಿನಿಂದ ಸುತ್ತಿಗೆ ಏರುತ್ತಿದ್ದರೆ ಮಾತ್ರ ಕ್ಯಾಮೆರಾ ಆನ್ ಮಾಡುವ ಮಾತು.